ಎಂಜಿನಿಯರಿಂಗ್‌ನಿಂದ ಮನೋವಿಜ್ಞಾನಕ್ಕೆ: ಕಲಿತದ್ದನ್ನು ಕೈಬಿಡದೆ ದಾಟುವ ಬಗೆ

ಎಂಜಿನಿಯರಿಂಗ್ ಓದಿ, ಕೆಲವು ವರ್ಷ ದುಡಿದು, ಆಮೇಲೆ ಮನೋವಿಜ್ಞಾನದತ್ತ ಮನಸ್ಸು ಹೊರಳಿದವರು ನಮ್ಮಲ್ಲಿ ಈಗ ಕಡಿಮೆಯಿಲ್ಲ. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಯಾವ ಕೋರ್ಸ್ ಸೇರಲಿ’ ಎಂದು. ಅದಕ್ಕೂ ಮುಂಚೆ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸಂಕಟದಲ್ಲಿರುವ ವ್ಯಕ್ತಿಯ ಎದುರು ಕುಳಿತು ಚಿಕಿತ್ಸೆ ನೀಡಬೇಕೆಂಬುದು ನಿಮ್ಮ ಬಯಕೆಯೋ, ಮನುಷ್ಯರ ಗ್ರಹಿಕೆ, ನೆನಪು, ನಿರ್ಧಾರ, ತಪ್ಪುಗಳನ್ನು ಅಳೆದು ಅರಿಯಬೇಕೆಂಬುದೋ, ಅಥವಾ ಮನುಷ್ಯರು ಬಳಸುವ ಯಂತ್ರ ಮತ್ತು ವ್ಯವಸ್ಥೆಗಳನ್ನು ಅವರ ಮನಸ್ಸಿಗೆ ಒಗ್ಗುವಂತೆ ರೂಪಿಸಬೇಕೆಂಬುದೋ? ಮೊದಲನೆಯ ದಾರಿಯಲ್ಲಿ ಎಂಜಿನಿಯರಿಂಗ್ ಪದವಿಯಿಂದ ತರಬೇತಿಯ ಅವಧಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಉಳಿದೆರಡು ದಾರಿಗಳಲ್ಲಿ ಅದೇ ಪದವಿ ನಿಮ್ಮ ಬಹುದೊಡ್ಡ ಬಂಡವಾಳ. ಈ ವ್ಯತ್ಯಾಸವನ್ನು ಗಮನಿಸದೆ ಸಿಕ್ಕಿದ ಸ್ನಾತಕೋತ್ತರ ಕೋರ್ಸಿಗೆ ಶುಲ್ಕ ಕಟ್ಟುವುದರಿಂದ ಎರಡು ವರ್ಷವೂ ಉಳಿತಾಯದ ಹಣವೂ ಕೈಬಿಟ್ಟುಹೋಗಬಹುದು. ಆದ್ದರಿಂದ ಈ ಮಾರ್ಗದರ್ಶಿಯ ಹಂತಗಳನ್ನು ಇಲ್ಲಿರುವ ಕ್ರಮದಲ್ಲಿಯೇ ಅನುಸರಿಸಬೇಕೆಂಬುದು ನನ್ನ ಕೋರಿಕೆ.

ಮೊದಲ ಹಂತ: ಕಾನೂನು ಏನು ಹೇಳುತ್ತದೆಂದು ತಿಳಿಯಿರಿ

ಮನೋವೈದ್ಯರಾಗಲು ಎಂಬಿಬಿಎಸ್ ಮತ್ತು ಅದರ ಮೇಲೆ ಮನೋವೈದ್ಯಶಾಸ್ತ್ರದ ಸ್ನಾತಕೋತ್ತರ ಶಿಕ್ಷಣ ಬೇಕು. ಆ ಮಾತು ಅಲ್ಲಿಗೆ ಮುಗಿಯಿತು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ತೊಂದರೆಗಳನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ನೀಡುವ ಮನೋವಿಜ್ಞಾನಿ, ಆಗಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಅರ್ಹತೆಯನ್ನು ಪಡೆದು, 1992ರ ಕಾಯ್ದೆಯಡಿ ಅದು ನಿರ್ವಹಿಸುವ ಕೇಂದ್ರ ನೋಂದಣಿಯಲ್ಲಿ ಹೆಸರು ದಾಖಲಿಸಿರಬೇಕು. ನೋಂದಣಿಯಿಲ್ಲದೆ ಪುನರ್ವಸತಿ ವೃತ್ತಿಪರರಂತೆ ಕೆಲಸ ಮಾಡುವವರಿಗೆ ಆ ಕಾಯ್ದೆಯ 13ನೇ ಕಲಮಿನಲ್ಲಿ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಒಂದು ಸಾವಿರ ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಇವೆ. ದಂಡದ ಮೊತ್ತ ಚಿಕ್ಕದೆಂದು ಯಾರೂ ಇದನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಎದುರಿಗೆ ಕುಳಿತವರು ತಮ್ಮ ಬದುಕಿನ ಅತ್ಯಂತ ದುರ್ಬಲ ಗಳಿಗೆಯಲ್ಲಿ ನಿಮ್ಮನ್ನು ನಂಬಿ ಬಂದಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂಬುದನ್ನು ಆರ್‌ಸಿಐ ಮಾನ್ಯತೆ ಅಥವಾ ಮೇಲ್ವಿಚಾರಣೆಯಲ್ಲಿ ಪಡೆದ ಎರಡು ವರ್ಷಗಳ ಪೂರ್ಣಾವಧಿ ಚಿಕಿತ್ಸಾ ತರಬೇತಿಯ ಆಧಾರದ ಮೇಲೆಯೇ ನಿರೂಪಿಸಿದೆ.

ಆಪ್ತಸಮಾಲೋಚನೆಯ ಕ್ಷೇತ್ರ ಬಹುಕಾಲ ಇಂಥ ನಿಯಂತ್ರಣದ ಹೊರಗೆ ಉಳಿದಿತ್ತು. ಈಗ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ ಮನೋವಿಜ್ಞಾನಿಗಳನ್ನೂ ಸಮಾಲೋಚಕರನ್ನೂ ವರ್ತನಾ ಆರೋಗ್ಯ ವೃತ್ತಿಪರರೆಂಬ ಗುಂಪಿನಲ್ಲಿ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಇದರ ಪರಿಣಾಮ ಎಂಜಿನಿಯರುಗಳಿಗೆ ನೇರವಾಗಿ ತಟ್ಟಿದ್ದು 2025ರಲ್ಲಿ. ಈ ಕಾಯ್ದೆಯಡಿ ಬರುವ ಕೋರ್ಸುಗಳನ್ನು, ಮನೋವಿಜ್ಞಾನವನ್ನೂ ಸೇರಿಸಿ, ಅದೇ ವರ್ಷದ ಜುಲೈ–ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮಾದರಿಯಲ್ಲಿ ನೀಡಬಾರದೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಕೆಲಸ ಬಿಡದೆ ಇಗ್ನೋ ಮೂಲಕ ಮನೋವಿಜ್ಞಾನದಲ್ಲಿ ಎಂಎ ಮುಗಿಸುವುದು ಅನೇಕ ಎಂಜಿನಿಯರುಗಳು ಹಿಡಿಯುತ್ತಿದ್ದ ದಾರಿ. ಹಳೆಯ ಲೇಖನಗಳೂ ವಿಡಿಯೊಗಳೂ ಇಂದಿಗೂ ಅದನ್ನೇ ಸೂಚಿಸುತ್ತವೆ. ಯಾವುದಾದರೂ ಸಂಸ್ಥೆ ಇಂದು ದೂರಶಿಕ್ಷಣದಲ್ಲಿ ಮನೋವಿಜ್ಞಾನದ ಪದವಿ ಕೊಡುವುದಾಗಿ ಹೇಳಿದರೆ, ಯುಜಿಸಿಯ ಆ ಸಾಲಿನ ಮಾನ್ಯತಾ ಪಟ್ಟಿಯನ್ನು ನೀವೇ ತೆರೆದು ನೋಡಿದ ಮೇಲೆಯೇ ಹಣ ಕಟ್ಟಿ.

ಎರಡನೆಯ ಹಂತ: ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ ಎಂದು ಪಟ್ಟಿ ಮಾಡಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ ಎನ್ನುತ್ತೇನೆ, ಏಕೆಂದರೆ ಶಾಖೆ ಬದಲಿಸುವವರು ತಮ್ಮ ನಾಲ್ಕು ವರ್ಷಗಳ ಓದನ್ನು ವ್ಯರ್ಥವೆಂದು ಬಗೆದುಬಿಡುತ್ತಾರೆ. ಮನೋವಿಜ್ಞಾನದ ಚರಿತ್ರೆ ಅದಕ್ಕೆ ವಿರುದ್ಧವಾದ ಸಾಕ್ಷ್ಯ ಕೊಡುತ್ತದೆ. ಮನೋಮಾಪನದ, ಅಂದರೆ ಮನಸ್ಸಿನ ಗುಣಗಳನ್ನು ಅಂಕಗಳಲ್ಲಿ ಅಳೆಯುವ ಶಾಸ್ತ್ರದ, ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಲೂಯಿ ಥರ್ಸ್ಟನ್ ಕಾರ್ನೆಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಥಾಮಸ್ ಎಡಿಸನ್‌ರ ಬಳಿ ಕೆಲಸ ಮಾಡಿ, 1917ರಲ್ಲಿ ಷಿಕಾಗೊದಲ್ಲಿ ಮನೋವಿಜ್ಞಾನದ ಡಾಕ್ಟರೇಟ್ ಪಡೆದವರು. ಬಳಕೆದಾರ ಕೇಂದ್ರಿತ ವಿನ್ಯಾಸವನ್ನು ಜಗತ್ತಿಗೆ ಪರಿಚಯಿಸಿದ ಡಾನ್ ನಾರ್ಮನ್ ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು, 1962ರಲ್ಲಿ ಗಣಿತೀಯ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದರು. ನಮ್ಮ ನಾಡಿನಲ್ಲಿಯೇ 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಅವರು, 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಯಂತ್ರ ಹೂಡಿ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಬಾನುಲಿ ಕೇಂದ್ರ ನಡೆಸಿದರು.

ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ ಓದಿದವರಿಗೆ ಸಂಕೇತ ಪತ್ತೆಯ ಸಿದ್ಧಾಂತ ಗೊತ್ತು. ರಾಡಾರ್ ಪರದೆಯ ಮೇಲೆ ಕಾಣುವ ಚುಕ್ಕೆ ನಿಜವಾದ ವಿಮಾನವೋ ಬರೀ ನಾಯ್ಸೋ ಎಂದು ತೀರ್ಮಾನಿಸುವ ಸಮಸ್ಯೆಯಿಂದ ಹುಟ್ಟಿದ ಈ ಗಣಿತ 1950ರ ದಶಕದಲ್ಲಿ ಮನೋವಿಜ್ಞಾನಕ್ಕೆ ಬಂದು, ಗ್ರಹಿಕೆ ಮತ್ತು ನೆನಪಿನ ಅಧ್ಯಯನವನ್ನೇ ಬದಲಿಸಿತು. ಇಂದಿಗೂ ಅದು ಚಿಕಿತ್ಸಾಲಯದ ಮೇಜಿನ ಮೇಲಿದೆ. ಖಿನ್ನತೆಯನ್ನು ಗುರುತಿಸಲು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ 0ರಿಂದ 3ರವರೆಗೆ ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಂಕವನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಗಡಿಯನ್ನು ಇಳಿಸಿದರೆ ನಿಜವಾಗಿ ಬಳಲುತ್ತಿರುವವರು ಹೆಚ್ಚಾಗಿ ಸಿಗುತ್ತಾರೆ, ಜೊತೆಗೆ ಕಾಯಿಲೆಯಿಲ್ಲದವರೂ ಪಟ್ಟಿಗೆ ಸೇರುತ್ತಾರೆ. ಏರಿಸಿದರೆ ಸುಳ್ಳು ಎಚ್ಚರಿಕೆಗಳು ತಗ್ಗಿ, ಕಾಣದೆ ಹೋಗುವವರು ಹೆಚ್ಚುತ್ತಾರೆ. ಗಡಿ ಬದಲಾದಂತೆ ಸರಿಯಾದ ಪತ್ತೆ ಮತ್ತು ಸುಳ್ಳು ಎಚ್ಚರಿಕೆಗಳು ಹೇಗೆ ಬದಲಾಗುತ್ತವೆಂದು ತೋರಿಸುವ ಆರ್‌ಒಸಿ ವಕ್ರರೇಖೆಯನ್ನು ಪರೀಕ್ಷೆಗಾಗಿ ಬರೆದವರು, ಅದರ ಮೇಲಿನ ಒಂದೊಂದು ಬಿಂದುವಿನ ಹಿಂದೆಯೂ ಜೀವವಿರುವ ಮನುಷ್ಯರಿದ್ದಾರೆಂದು ಇಲ್ಲಿ ಮೊದಲ ಬಾರಿಗೆ ಅರಿಯುತ್ತಾರೆ.

ಮೆಕ್ಯಾನಿಕಲ್, ಏರೋನಾಟಿಕಲ್, ಇಂಡಸ್ಟ್ರಿಯಲ್ ಶಾಖೆಯವರಿಗೆ ಹತ್ತಿರವಾದದ್ದು ಹ್ಯೂಮನ್ ಫ್ಯಾಕ್ಟರ್ಸ್, ಅಂದರೆ ಯಂತ್ರಗಳನ್ನು ಮನುಷ್ಯರ ಶಕ್ತಿ-ಮಿತಿಗಳಿಗೆ ಹೊಂದಿಸುವ ಶಾಸ್ತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳನ್ನು ನೆಲಕ್ಕಿಳಿಸಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಬದಲು ಚಕ್ರಗಳನ್ನು ಮಡಚಿಬಿಡುತ್ತಿದ್ದರು. ಮನೋವಿಜ್ಞಾನಿ ಆಲ್ಫೋನ್ಸ್ ಷಪಾನಿಸ್ ಕಾಕ್‌ಪಿಟ್ ಪರಿಶೀಲಿಸಿದಾಗ, ಎರಡೂ ಸ್ವಿಚ್‌ಗಳು ಒಂದೇ ಆಕಾರದಲ್ಲಿ ಅಕ್ಕಪಕ್ಕದಲ್ಲಿರುವುದು ಕಂಡುಬಂತು. ಒಂದಕ್ಕೆ ಚಕ್ರದ ಆಕಾರದ ಹಿಡಿಕೆ, ಇನ್ನೊಂದಕ್ಕೆ ರೆಕ್ಕೆಯನ್ನು ಹೋಲುವ ಹಿಡಿಕೆ ಜೋಡಿಸಿದಾಗ ಕೈ ತಾನೇ ವ್ಯತ್ಯಾಸ ಗುರುತಿಸಿತು. ಪೈಲಟ್ ತಪ್ಪು ಎಂದು ಕಡತಕ್ಕೆ ಸೇರುತ್ತಿದ್ದದ್ದು ವಿನ್ಯಾಸದ ತಪ್ಪಾಗಿತ್ತು. ನಮ್ಮ ದೇಶದಲ್ಲಿ ವಾಯುಪಡೆಯ ಪೈಲಟ್‌ಗಳ ಆಯ್ಕೆಗೆ ಬಳಸುವ ಸಿಪಿಎಸ್‌ಎಸ್ ಎಂಬ ಗಣಕೀಕೃತ ಪರೀಕ್ಷೆಯನ್ನು ಡಿಆರ್‌ಡಿಒದ ದೆಹಲಿಯ ಮನೋವಿಜ್ಞಾನ ಸಂಸ್ಥೆ ಡಿಐಪಿಆರ್ ಮತ್ತು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎಡಿಇ ಸೇರಿ ರೂಪಿಸಿದವು.

ಉಪಕರಣಗಳ ಕ್ಯಾಲಿಬ್ರೇಷನ್ ಮಾಡಿ ಬಲ್ಲವರು ಮನೋಮಾಪನಕ್ಕೆ ಹೇಳಿ ಮಾಡಿಸಿದವರು. ಬಿ. ಕುಪ್ಪುಸ್ವಾಮಿ ಅವರು 1976ರಲ್ಲಿ ಪ್ರಕಟಿಸಿದ ಸಾಮಾಜಿಕ-ಆರ್ಥಿಕ ಮಾಪಕವನ್ನು ನಮ್ಮ ವೈದ್ಯಕೀಯ ಸಂಶೋಧಕರು ಇಂದಿಗೂ ಬಳಸುತ್ತಾರೆ. ರೂಪಾಯಿಯ ಬೆಲೆ ಬದಲಾಗುವುದರಿಂದ ಅದರ ಆದಾಯದ ಶ್ರೇಣಿಗಳನ್ನು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಒಗ್ಗಿಸಿ 1934ರಲ್ಲಿ ಪ್ರಕಟಿಸಿದ, ಬುದ್ಧಿಮತ್ತೆಯನ್ನು ಅಳೆಯುವ ಬಿನೆ ಮಾಪಕ, ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ನಂತರದ ಆವೃತ್ತಿಗಳೊಂದಿಗೆ ಬಳಕೆಯಲ್ಲಿ ಉಳಿದಿದೆ. ಹಳೆಯ ಮಾನಕಗಳಿಂದ ಇಂದಿನ ಮಗುವನ್ನು ಅಳೆದಾಗ ಎಷ್ಟು ದೋಷ ನುಸುಳುತ್ತದೆ, ಇಂಗ್ಲಿಷಿನ ಪ್ರಶ್ನೆಯೊಂದು ಕನ್ನಡಕ್ಕೆ ಬಂದಾಗ ಅದರ ಕಠಿಣತೆ ಬದಲಾಗುತ್ತದೆಯೇ, ಮಂಗಳೂರಿನ ಮಗುವಿಗೂ ಕಲಬುರಗಿಯ ಮಗುವಿಗೂ ಅದೇ ಪದ ಒಂದೇ ಅರ್ಥ ಕೊಡುತ್ತದೆಯೇ ಎಂಬಂಥ ಪ್ರಶ್ನೆಗಳಿಗೆ ಕನ್ನಡ ಬಲ್ಲ, ಗಣಿತವನ್ನೂ ಬಲ್ಲ ಜನ ಬೇಕಾಗಿದ್ದಾರೆ. ನನ್ನ ದೃಷ್ಟಿಯಲ್ಲಿ ಕನ್ನಡಿಗ ಎಂಜಿನಿಯರ್ ಒಬ್ಬರು ಈ ಶಾಸ್ತ್ರಕ್ಕೆ ನೀಡಬಹುದಾದ ಅತ್ಯಂತ ಉಪಯುಕ್ತ ಕೊಡುಗೆ ಇದೇ.

ಮೂರನೆಯ ಹಂತ: ಕೆಲಸದಲ್ಲಿರುವಾಗಲೇ ಅಡಿಪಾಯ ಹಾಕಿ

ರಾಜೀನಾಮೆ ಕೊಡುವ ಮೊದಲು ಆರು ತಿಂಗಳಿಂದ ಒಂದು ವರ್ಷ ಸಂಜೆಯ ಓದಿಗೆ ಮೀಸಲಿಡಿ. ಎನ್‌ಪಿಟಿಇಎಲ್ ಮತ್ತು ಸ್ವಯಂ ವೇದಿಕೆಗಳಲ್ಲಿ ಐಐಟಿ ಪ್ರಾಧ್ಯಾಪಕರ ಮನೋವಿಜ್ಞಾನದ ಪಾಠಗಳು ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಮನೋವಿಜ್ಞಾನ, ಜೈವಿಕ ಆಧಾರಗಳು, ಬೆಳವಣಿಗೆಯ ಮನೋವಿಜ್ಞಾನ, ಸಾಮಾಜಿಕ ಮನೋವಿಜ್ಞಾನ, ಅಸಹಜ ವರ್ತನೆ, ಸಂಶೋಧನಾ ವಿಧಾನ ಎಂಬ ಆರು ವಿಷಯಗಳನ್ನು ಪದವಿ ಮಟ್ಟದಲ್ಲಿ ಮುಗಿಸಿದರೆ ಪ್ರವೇಶ ಪರೀಕ್ಷೆಗಳಿಗೆ ನೆಲೆ ಸಿಗುತ್ತದೆ.

ಸಂಖ್ಯಾಶಾಸ್ತ್ರ ಗೊತ್ತಿದೆಯೆಂದು ಎಂಜಿನಿಯರುಗಳು ಅದನ್ನು ದಾಟಿಬಿಡುತ್ತಾರೆ, ಹಾಗೆ ಮಾಡಬೇಡಿ. ಸಂಭಾವ್ಯತೆಯ ಗಣಿತ ಒಂದೇ ಆದರೂ, ಮನುಷ್ಯರ ಮೇಲಿನ ಪ್ರಯೋಗದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸ ದೊಡ್ಡದು, ಮಾದರಿ ಚಿಕ್ಕದು, ಮಾಪನ ಪರೋಕ್ಷ. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ತೋರಿಸಿದ್ದರೆ, ಮರುಪ್ರಯೋಗದಲ್ಲಿ ಶೇ 36ರಷ್ಟು ಮಾತ್ರ ಹಾಗೆ ಉಳಿದವು. ಪರಿಣಾಮದ ಗಾತ್ರ, ಮಾದರಿಯ ಗಾತ್ರದ ಪೂರ್ವಲೆಕ್ಕ, ಬಹುಸ್ತರದ ಮಾದರಿಗಳು, ಅಧ್ಯಯನದ ಪೂರ್ವನೋಂದಣಿ (ದತ್ತಾಂಶ ಸಂಗ್ರಹಿಸುವ ಮೊದಲೇ ಯೋಜನೆಯನ್ನು ಬರೆದು ದಾಖಲಿಸುವುದು) ಇವನ್ನು ಹೊಸದಾಗಿ ಕಲಿಯಿರಿ. ಸಾಫ್ಟ್‌ವೇರ್ ಆರ್ ಆಗಲಿ ಪೈಥಾನ್ ಆಗಲಿ, ಒಂದು ಸಾಕು.

ಇದೇ ಅವಧಿಯಲ್ಲಿ ಒಂದು ಪುಟ್ಟ ಪ್ರಯೋಗವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಕಟ್ಟಿ. ಸ್ಟ್ರೂಪ್ ಪರಿಣಾಮ ಇದಕ್ಕೆ ತಕ್ಕದ್ದು: ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ ತೋರಿಸಿ ಬಣ್ಣ ಯಾವುದೆಂದು ಕೇಳಿದರೆ, ಪದವೂ ಬಣ್ಣವೂ ಒಂದೇ ಆಗಿರುವಾಗಿನದಕ್ಕಿಂತ ಉತ್ತರ ತಡವಾಗುತ್ತದೆ. ಉಚಿತವಾಗಿ ದೊರೆಯುವ ಸೈಕೋಪೈ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಪದಗಳನ್ನು ಕನ್ನಡ ಲಿಪಿಯಲ್ಲಿ ತೋರಿಸುವ ಪರೀಕ್ಷೆ ಬರೆಯಿರಿ. ಇಲ್ಲಿ ನಿಮ್ಮ ಎಂಜಿನಿಯರಿಂಗ್ ಕಣ್ಣು ಕೆಲಸಕ್ಕೆ ಬರುತ್ತದೆ. 60 ಹರ್ಟ್ಸ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಹೊಸ ಚಿತ್ರ ತೋರಿಸಬಲ್ಲುದು, ಕೀಲಿಮಣೆ ತನ್ನದೇ ವಿಳಂಬವನ್ನು ಸೇರಿಸುತ್ತದೆ, ಬ್ರೌಸರಿನಲ್ಲಿ ಓಡಿಸಿದರೆ ಇನ್ನಷ್ಟು ಏರಿಳಿತ ಬರುತ್ತದೆ. ಅಳೆಯಬೇಕಾದ ವ್ಯತ್ಯಾಸಕ್ಕೆ ಈ ದೋಷಗಳು ಎಷ್ಟು ಹತ್ತಿರದಲ್ಲಿವೆ ಎಂದು ಲೆಕ್ಕ ಹಾಕಿ ಬರೆದಿಡಿ. ಭಾಗವಹಿಸುವವರಿಗೆ ಉದ್ದೇಶವನ್ನು ತಿಳಿಸಿ, ಲಿಖಿತ ಸಮ್ಮತಿ ಪಡೆಯಿರಿ, ಹೆಸರುಗಳನ್ನು ದತ್ತಾಂಶದಿಂದ ಬೇರ್ಪಡಿಸಿ ಇಡಿ. ಇದು ಅಭ್ಯಾಸಕ್ಕಷ್ಟೇ, ಪ್ರಕಟಿಸುವ ಉದ್ದೇಶವಿದ್ದರೆ ಸಂಸ್ಥೆಯೊಂದರ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಪಡೆಯಬೇಕು. ಸಂಶೋಧನಾ ಕೇಂದ್ರಗಳ ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚಾಗಿ ಇಂಥ ಕೆಲಸವೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಚಿಕಿತ್ಸೆಯ ದಾರಿಯ ಮೇಲೆ ಕಣ್ಣಿಟ್ಟವರು ಪ್ರಯೋಗದ ಬದಲು ಜನರ ನಡುವೆ ಸಮಯ ಕಳೆಯಬೇಕು. ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆ, ತರಬೇತಿ ಕೊಟ್ಟು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿಸುವ ಸಹಾಯವಾಣಿ ಇವುಗಳಲ್ಲಿ ಯಾವುದಾದರೊಂದರಲ್ಲಿ ವಾರಾಂತ್ಯದ ಸೇವೆಗೆ ಸೇರಿ. ಸಮಸ್ಯೆ ಕೇಳಿದೊಡನೆ ಪರಿಹಾರ ಹುಡುಕುವುದು ಎಂಜಿನಿಯರಿಂಗ್ ಕಲಿಸಿದ ಒಳ್ಳೆಯ ಗುಣ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಎದುರು ಆ ಗುಣವನ್ನು ತಡೆದು ಹಿಡಿಯಬೇಕಾಗುತ್ತದೆ. ಆಕೆಗೆ ಆಗ ಬೇಕಾದದ್ದು ತನ್ನ ಮಾತನ್ನು ಪೂರ್ತಿಯಾಗಿ ಕೇಳುವ ಒಬ್ಬ ಮನುಷ್ಯ. ಇಂಥ ಗಂಟೆಗಳ ನಂತರವೂ ಮತ್ತೆ ಅಲ್ಲಿಗೆ ಹೋಗಬೇಕೆನಿಸಿದರೆ ಮುಂದುವರಿಯಿರಿ. ಅನಿಸದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಉಳಿದೆರಡು ದಾರಿಗಳು ತೆರೆದೇ ಇವೆ.

ನಾಲ್ಕನೆಯ ಹಂತ: ಪದವಿಯನ್ನು ಆರಿಸಿಕೊಳ್ಳಿ

ಅರಿವಿನ ವಿಜ್ಞಾನ, ಅಂದರೆ ಕಾಗ್ನಿಟಿವ್ ಸೈನ್ಸ್, ಎಂಜಿನಿಯರುಗಳನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಳ್ಳುವ ಕ್ಷೇತ್ರ. ಐಐಟಿ ಗಾಂಧಿನಗರ ಮತ್ತು ಐಐಟಿ ದೆಹಲಿಯ ಎಂಎಸ್‌ಸಿ, ಐಐಟಿ ಕಾನ್ಪುರದ ಅರಿವಿನ ವಿಜ್ಞಾನ ವಿಭಾಗ, ಅಲಹಾಬಾದ್ ವಿಶ್ವವಿದ್ಯಾಲಯದ ವರ್ತನಾ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ, ಐಐಐಟಿ ಹೈದರಾಬಾದ್‌ನ ಪ್ರಯೋಗಾಲಯ ಇವನ್ನು ಮೊದಲು ನೋಡಿ. ಮಿದುಳಿನ ವಿದ್ಯುತ್ ಸಂಕೇತಗಳಲ್ಲಿ ಆಸಕ್ತಿಯಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ ಹತ್ತಿರದಲ್ಲಿಯೇ ಇದೆ. ಆ ಸಂಕೇತಗಳನ್ನು ದಾಖಲಿಸುವ ಇಇಜಿ ದತ್ತಾಂಶದ ಫಿಲ್ಟರಿಂಗ್, ಫೂರಿಯೇ ವಿಶ್ಲೇಷಣೆ ನಿಮಗೆ ಹೊಸದಲ್ಲ. ವಿನ್ಯಾಸದ ದಾರಿ ಹಿಡಿಯುವವರು ಸೀಡ್ (ಸಿಇಇಡಿ) ಎಂಬ ವಿನ್ಯಾಸ ಪ್ರವೇಶ ಪರೀಕ್ಷೆ ಬರೆದು ಐಐಟಿಗಳ ಎಂ.ಡಿಸ್., ಅಂದರೆ ವಿನ್ಯಾಸದ ಸ್ನಾತಕೋತ್ತರ, ಕೋರ್ಸುಗಳಿಗೆ ಪ್ರಯತ್ನಿಸಬಹುದು.

ಗೇಟ್ ಪರೀಕ್ಷೆಯಲ್ಲಿ 2021ರಿಂದ ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಪತ್ರಿಕೆ ಸೇರಿದೆ, ಅದರ ಐಚ್ಛಿಕ ವಿಭಾಗಗಳಲ್ಲಿ ಮನೋವಿಜ್ಞಾನವೂ ಒಂದು. ಬಿಇ ಪದವೀಧರರು ಇದನ್ನು ಬರೆಯಬಹುದು, ಅಂಕ ಮೂರು ವರ್ಷ ಊರ್ಜಿತವಾಗಿರುತ್ತದೆ. ಸ್ನಾತಕೋತ್ತರದ ನಂತರ ಯುಜಿಸಿ-ನೆಟ್ ಬರೆದು ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಷಿಪ್, ಪಡೆದರೆ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. ಆದರೆ ಸಾಮಾನ್ಯ ವರ್ಗದ ಪುರುಷರಿಗೆ ಜೆಆರ್‌ಎಫ್ ವಯೋಮಿತಿ 30 ವರ್ಷ. ಮಹಿಳೆಯರಿಗೂ ಮೀಸಲು ವರ್ಗಗಳಿಗೂ ಐದು ವರ್ಷ ಸಡಿಲಿಕೆಯಿದೆ. ಇಪ್ಪತ್ತೆಂಟರ ನಂತರ ಹೊರಳುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಮನೋವಿಜ್ಞಾನದಲ್ಲಿಯೇ ಎಂಎ ಅಥವಾ ಎಂಎಸ್‌ಸಿ ಮಾಡುವುದಾದರೆ, ಪದವಿಯಲ್ಲಿ ಮನೋವಿಜ್ಞಾನ ಓದದವರಿಗೆ ಪ್ರವೇಶವಿದೆಯೇ ಎಂದು ಪ್ರತಿ ವಿಶ್ವವಿದ್ಯಾಲಯದ ಆ ವರ್ಷದ ಕೈಪಿಡಿಯಲ್ಲಿ ಓದಿ. ಈ ನಿಯಮ ಎಲ್ಲೆಡೆ ಒಂದೇ ಆಗಿಲ್ಲ.

ಚಿಕಿತ್ಸೆಯ ದಾರಿಯ ಅವಧಿ

ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 55 ಅಂಕ, ಆಮೇಲೆ ಆರ್‌ಸಿಐ ಮಾನ್ಯತೆಯ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್ ಎಂಬುದು ಇದುವರೆಗಿನ ರೂಢಿಯ ದಾರಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಈ ತರಬೇತಿಗೆ ಹೆಸರಾದವು. ಹೊಸ ಶಿಕ್ಷಣ ನೀತಿಯಲ್ಲಿ ಎಂ.ಫಿಲ್ ರದ್ದಾದಾಗ ಯುಜಿಸಿ ಕ್ಲಿನಿಕಲ್ ಸೈಕಾಲಜಿಗೆ ವಿನಾಯಿತಿ ಕೊಟ್ಟು, 2025-26ರ ಶೈಕ್ಷಣಿಕ ವರ್ಷದವರೆಗೆ ಪ್ರವೇಶ ಮುಂದುವರಿಸಲು ಅವಕಾಶ ನೀಡಿತು. ಜೊತೆಯಲ್ಲಿ ಆರ್‌ಸಿಐ ಹೊಸ ಪದವಿ ಮತ್ತು ಸ್ನಾತಕೋತ್ತರ ಪಠ್ಯಕ್ರಮಗಳನ್ನು ತಂದಿದೆ. ಆದ್ದರಿಂದ ನೀವು ಎಂಎಗೆ ಸೇರುವ ದಿನವೇ, ಅದು ಮುಗಿದ ಮೇಲೆ ನೋಂದಣಿಗೆ ಕರೆದೊಯ್ಯುವ ಕೋರ್ಸ್ ಯಾವುದು, ಅದರ ಪ್ರವೇಶಕ್ಕೆ ಬಿಇ ನಂತರದ ಎಂಎ ಸಾಕೇ ಎಂಬುದನ್ನು ಆರ್‌ಸಿಐ ಜಾಲತಾಣದ ಪಠ್ಯಕ್ರಮ ದಾಖಲೆಯಲ್ಲಿ ಖಚಿತಪಡಿಸಿಕೊಳ್ಳಿ. ಪ್ರವೇಶಕ್ಕೆ ಸ್ಪರ್ಧೆ ತೀವ್ರವಾಗಿದೆ, ಒಂದೆರಡು ವರ್ಷ ಕಾಯಬೇಕಾಗಬಹುದು. ಹೀಗಾಗಿ ನಾಲ್ಕು ವರ್ಷ ಕನಿಷ್ಠ, ಐದಾರು ವರ್ಷ ವಾಸ್ತವ ಎಂದು ಹಣಕಾಸನ್ನು ಯೋಜಿಸಿ. ಮನೆಯಲ್ಲಿ ಸಾಲದ ಕಂತಿದ್ದರೆ ಅದನ್ನು ತೀರಿಸಿಕೊಂಡು ಹೊರಡುವುದು ಜಾಣತನ.

ಐದನೆಯ ಹಂತ: ಎರಡೂ ಕೂಡುವ ಕೆಲಸ ಹುಡುಕಿ

ಡಿಆರ್‌ಡಿಒದ ಡಿಐಪಿಆರ್, ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವುಗಳ ಅಧಿಸೂಚನೆಗಳನ್ನು ಗಮನಿಸುತ್ತಿರಿ. ವಾಕ್ ಶ್ರವಣ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗವೂ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಒಂದೇ ಆವರಣದಲ್ಲಿವೆ. ಲಖನೌದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒದಲ್ಲಿ ಮನೋತಾಂತ್ರಿಕ ನಿರ್ದೇಶನಾಲಯವಿದೆ. ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಬರೆಯುವ ಗಣಕೀಕೃತ ಅಭಿಕ್ಷಮತಾ ಪರೀಕ್ಷೆಯಲ್ಲಿ ಪ್ರತಿ ಭಾಗದಲ್ಲಿಯೂ 42 ಟಿ-ಸ್ಕೋರ್ (ಸರಾಸರಿ 50 ಆಗುವಂತೆ ಹೊಂದಿಸಿದ ಅಂಕ) ಬೇಕೆಂಬ ನಿಯಮವನ್ನು ನಮ್ಮ ಎಷ್ಟೋ ಹುಡುಗರು ಬಲ್ಲರು. ಆ ಅಂಕದ ಹಿಂದಿರುವುದು ಈ ಶಾಸ್ತ್ರವೇ. ಖಾಸಗಿ ವಲಯದಲ್ಲಿ ಬಳಕೆದಾರ ಸಂಶೋಧನೆ, ವಾಹನ ಮತ್ತು ವೈದ್ಯಕೀಯ ಉಪಕರಣಗಳ ಹ್ಯೂಮನ್ ಫ್ಯಾಕ್ಟರ್ಸ್, ಪರೀಕ್ಷಾ ಸಂಸ್ಥೆಗಳ ಮನೋಮಾಪನ ಹುದ್ದೆಗಳಿವೆ. ಮೊದಲ ಸಂಬಳ ಹಿಂದಿನ ಐಟಿ ಸಂಬಳಕ್ಕಿಂತ ಕಡಿಮೆಯಿರಬಹುದೆಂದು ಕುಟುಂಬಕ್ಕೆ ಮುಂಚೆಯೇ ತಿಳಿಸಿ.

ಮಾನಸಿಕ ಆರೋಗ್ಯದ ವ್ಯವಸ್ಥೆಗಳನ್ನು ಕಟ್ಟುವ ಕೆಲಸಕ್ಕೆ ಕೇಂದ್ರ ಸರ್ಕಾರದ ದೂರವಾಣಿ ಸೇವೆ ಟೆಲಿ-ಮಾನಸ್ ಅತ್ಯುತ್ತಮ ಮಾದರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ 14416 ಸಹಾಯವಾಣಿಗೆ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆಯಾದರೆ, ತಾಂತ್ರಿಕ ನೆರವು ಕೊಟ್ಟಿದ್ದು ಬೆಂಗಳೂರಿನ ಐಐಐಟಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ ಶೇ 70ರಿಂದ 92ರವರೆಗಿತ್ತು. ಈ ಅಂತರವನ್ನು ತುಂಬಲು ತಂತ್ರಜ್ಞಾನ ಬೇಕೇಬೇಕು. ಹಾಗೆಂದು ಆ್ಯಪ್ ಬರೆಯಲು ಹೊರಟವರು ಮೊದಲ ಸಾಲಿನ ಕೋಡ್ ಬರೆಯುವ ಮುನ್ನ ಕೆಲವನ್ನು ತೀರ್ಮಾನಿಸಿಕೊಳ್ಳಬೇಕು. ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರೊಬ್ಬರು ತಂಡದಲ್ಲಿ ನಿರ್ಧಾರದ ಅಧಿಕಾರದೊಂದಿಗೆ ಇರಬೇಕು. ಮಾನಸಿಕ ಆರೋಗ್ಯದ ಮಾಹಿತಿಯ ಗೌಪ್ಯತೆಯನ್ನು 2017ರ ಕಾಯ್ದೆಯ 23ನೇ ಕಲಮು ಹಕ್ಕೆಂದು ಸಾರಿದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಸಮ್ಮತಿ ಪತ್ರ ಬಳಕೆದಾರರು ಓದಬಲ್ಲ ಕನ್ನಡದಲ್ಲಿರಬೇಕು. ಬಳಕೆದಾರರು ಸಾವಿನ ಮಾತೆತ್ತಿದಾಗ ತಂತ್ರಾಂಶ ಏನು ಮಾಡುತ್ತದೆ, ಎಷ್ಟು ನಿಮಿಷದೊಳಗೆ ಯಾವ ಮನುಷ್ಯನಿಗೆ ಕರೆ ಹೋಗುತ್ತದೆ, ರಾತ್ರಿ ಎರಡು ಗಂಟೆಗೆ ಆ ಕರೆಯನ್ನು ಎತ್ತುವವರು ಯಾರು ಎಂಬುದನ್ನು ಲಿಖಿತವಾಗಿ ಇಟ್ಟು, ಪ್ರತಿ ಹೊಸ ಆವೃತ್ತಿಯ ಬಿಡುಗಡೆಗೆ ಮುನ್ನ ಅದನ್ನು ನಿಜವಾಗಿ ನಡೆಸಿ ಪರೀಕ್ಷಿಸಬೇಕು.